ಎನ್‌ಎಫ್‌ಎಸ್ ಕರ್ನಲ್ ಮಿತಿಗಳನ್ನು ಸರಿಹೊಂದಿಸುವ ಬಗೆ: ಕಾಸರಗೋಡಿನ ಶಾಲಾ ಲ್ಯಾಬ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರ್‌ಗಳು ನಡೆಯುವುದು ಸ್ವತಂತ್ರ ತಂತ್ರಾಂಶದ ಮೇಲೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲೂ ಉಬುಂಟು ಆಧಾರಿತ ಕೈಟ್ ಗ್ನು/ಲಿನಕ್ಸ್ ಇದೆ. ಇದರಿಂದ ನಮಗೊಂದು ದೊಡ್ಡ ಅನುಕೂಲವಾಗಿದೆ: ಲ್ಯಾಬ್ ನಿಧಾನವಾದರೆ ಕಾರಣವನ್ನು ಊಹಿಸುತ್ತಾ ಕೂರಬೇಕಾಗಿಲ್ಲ, ಲಿನಕ್ಸ್‌ನ ತಿರುಳಾದ ಕರ್ನಲ್‌ನ ಮೂಲಸಂಕೇತವನ್ನೇ (ಸೋರ್ಸ್ ಕೋಡ್) ತೆರೆದು ಓದಬಹುದು. ಈ ಅನುಕೂಲವನ್ನು ನಾವು ಸಾಕಷ್ಟು ಬಳಸಿಕೊಳ್ಳುತ್ತಿಲ್ಲ ಎಂಬ ಕೊರಗಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ನೋಡುವುದು ಒಂದೇ ಬಗೆಯ ಲ್ಯಾಬ್. ಒಂದು ಯಂತ್ರ ಸರ್ವರ್. ಮಕ್ಕಳ ಹೋಮ್ ಫೋಲ್ಡರ್‌ಗಳು, ಪಾಠದ ವೀಡಿಯೊಗಳು, ಯಕ್ಷಗಾನ ಮತ್ತು ತಾಳಮದ್ದಳೆಯ ಧ್ವನಿಮುದ್ರಣಗಳು ಎಲ್ಲವೂ ಅದರಲ್ಲಿ. ಉಳಿದ ಇಪ್ಪತ್ತು, ಇಪ್ಪತ್ತೈದು ಯಂತ್ರಗಳು, ಅಂದರೆ ಕ್ಲೈಂಟ್‌ಗಳು, ಎನ್‌ಎಫ್‌ಎಸ್ (ನೆಟ್‌ವರ್ಕ್ ಫೈಲ್ ಸಿಸ್ಟಮ್: ಇನ್ನೊಂದು ಯಂತ್ರದ ಕಡತಗಳನ್ನು ತನ್ನದೇ ಎಂಬಂತೆ ಜಾಲದ ಮೂಲಕ ಬಳಸುವ ವ್ಯವಸ್ಥೆ) ಮೂಲಕ ಅದನ್ನು ಬಳಸುತ್ತವೆ. ಪೀರಿಯಡ್ ಆರಂಭವಾಗಿ ಎಲ್ಲರೂ ಒಟ್ಟಿಗೆ ಲಾಗಿನ್ ಆದರೆ ಪರದೆಗಳು ಸ್ತಬ್ಧವಾಗುತ್ತವೆ, ದೊಡ್ಡ ವೀಡಿಯೊ ತೊದಲುತ್ತದೆ, ಸೇವ್ ಒತ್ತಿದರೆ ಕಿಟಕಿ ಬಹಳ ಹೊತ್ತು ಪ್ರತಿಕ್ರಿಯಿಸುವುದಿಲ್ಲ. ಮೂರಕ್ಕೂ ಕಾರಣಗಳು ಬೇರೆ ಬೇರೆ, ತಿರುಗಿಸಬೇಕಾದ ತಿರುಪುಗಳೂ ಬೇರೆ. ಎಲ್ಲಿ ಸರದಿ ನಿಂತಿದೆ ಎಂದು ನೋಡಿಕೊಂಡು ಅಲ್ಲಿಗೆ ಮಾತ್ರ ಕೈ ಹಾಕಬೇಕು. ಅಂತರ್ಜಾಲದಲ್ಲಿ ಸಿಕ್ಕಿದ ಅಂಕಿಗಳನ್ನೆಲ್ಲ ಒಟ್ಟಿಗೆ ತುಂಬುವುದನ್ನು ನಾನು ಖಂಡಿತ ಒಪ್ಪುವುದಿಲ್ಲ.

ಕಡತಗಳ ದಾರಿ ಮತ್ತು ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಟೈಪಿಸುವಾಗ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆಯಬೇಕು. ದೊಡ್ಡ ಅಕ್ಷರ ಬೇಕಾದ ಕೆಲವನ್ನು ಅಲ್ಲಲ್ಲೇ ಆವರಣದಲ್ಲಿ ಇಂಗ್ಲಿಷಿನಲ್ಲಿ ಕೊಟ್ಟಿದ್ದೇನೆ.

ಡೀಫಾಲ್ಟ್ ಅಂಕಿಗಳು ಎಲ್ಲಿಂದ ಬರುತ್ತವೆ

ಎನ್‌ಎಫ್‌ಎಸ್ ಹುಟ್ಟಿದ್ದು 1980ರ ದಶಕದ ಮಧ್ಯದಲ್ಲಿ, ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ. ಲಿನಕ್ಸ್‌ನಲ್ಲಿ ಅದರ ಸಂಕೇತ ಮೂರು ಕಡೆ ಹಂಚಿಹೋಗಿದೆ. ಕ್ಲೈಂಟ್ ಭಾಗ ಎಫ್‌ಎಸ್/ಎನ್‌ಎಫ್‌ಎಸ್ ಫೋಲ್ಡರಿನಲ್ಲಿದೆ, ಸರ್ವರ್ ಭಾಗ ಎಫ್‌ಎಸ್/ಎನ್‌ಎಫ್‌ಎಸ್‌ಡಿಯಲ್ಲಿ. ಎರಡಕ್ಕೂ ಬೇಕಾದ ಸಂದೇಶ ಸಾಗಣೆಯ ಭಾಗ ನೆಟ್/ಸನ್‌ಆರ್‌ಪಿಸಿಯಲ್ಲಿದೆ.

ಇವುಗಳಲ್ಲಿರುವ ಮಿತಿಗಳು ಎರಡು ಜಾತಿಯವು. ಕೆಲವು ಸ್ಥಿರ ಅಂಕಿಗಳು. ಒಂದು ಸರ್ವರ್‌ನಲ್ಲಿ ಹೆಚ್ಚೆಂದರೆ 8192 ಥ್ರೆಡ್‌ಗಳು (ಬಂದ ಕೋರಿಕೆಗಳನ್ನು ಪೂರೈಸುವ ಕೆಲಸಗಾರರಿದ್ದಂತೆ) ಎಂಬುದು ಅಂಥ ಒಂದು ಅಂಕಿ. ಉಳಿದವು ಯಂತ್ರ ಏಳುವಾಗ ಇರುವ ಮೆಮೊರಿಯನ್ನು ನೋಡಿ ಕರ್ನಲ್ ತಾನೇ ಹಾಕುವ ಲೆಕ್ಕ. ಈ ಎರಡನೆಯ ಜಾತಿಯೇ ಕುತೂಹಲಕರ. ಒಂದೇ ಆವೃತ್ತಿಯ ಕರ್ನಲ್ 2 ಜಿಬಿ ಯಂತ್ರದಲ್ಲಿ ಒಂದು ರೀತಿ, 16 ಜಿಬಿ ಯಂತ್ರದಲ್ಲಿ ಇನ್ನೊಂದು ರೀತಿ ನಡೆದುಕೊಳ್ಳುವುದು ಇದರಿಂದಲೇ. ಪಕ್ಕದ ಶಾಲೆಯಲ್ಲಿ ಸರಿಹೋದ ಅಂಕಿ ನಮ್ಮಲ್ಲಿ ಕೆಲಸ ಮಾಡದಿದ್ದರೆ ಮೊದಲು ಮೆಮೊರಿಯನ್ನು ಹೋಲಿಸಿ ನೋಡಿ.

ಹೆಜ್ಜೆ 1: ಅಳೆಯಿರಿ

ಮೊದಲು ತಂತಿ. ಈಥ್‌ಟೂಲ್ ಆಜ್ಞೆಯಿಂದ ಸರ್ವರ್‌ನ ಜಾಲದ ವೇಗ ನೋಡಿ. 1000 ಎಂದಿದ್ದರೆ ಸೆಕೆಂಡಿಗೆ ಸುಮಾರು 110 ಎಂಬಿ ಸಾಗುತ್ತದೆ, 100 ಎಂದಿದ್ದರೆ 11 ಅಥವಾ 12 ಎಂಬಿ ಅಷ್ಟೆ. ಹಳೆಯ ಸ್ವಿಚ್ಚೊಂದು ನಡುವೆ ಕುಳಿತಿದ್ದರೆ, ಕೇಬಲ್‌ನ ಎಂಟು ಎಳೆಗಳಲ್ಲಿ ಒಂದು ತುಂಡಾಗಿದ್ದರೆ ವೇಗ ಸದ್ದಿಲ್ಲದೆ 100ಕ್ಕೆ ಇಳಿದಿರಬಹುದು. ಆಗ ಕರ್ನಲ್‌ನಲ್ಲಿ ಏನು ತಿದ್ದಿದರೂ ಪ್ರಯೋಜನವಿಲ್ಲ. ಕೇಬಲ್ ಬದಲಿಸಿ, ಆಮೇಲೆ ಮುಂದುವರಿಯಿರಿ.

ಎರಡನೆಯದಾಗಿ ಒಂದು ಕ್ಲೈಂಟ್ ಯಂತ್ರದಲ್ಲಿ ಎನ್‌ಎಫ್‌ಎಸ್‌ಐಒಸ್ಟ್ಯಾಟ್ ಓಡಿಸಿ, ಐದು ಸೆಕೆಂಡಿಗೊಮ್ಮೆ ಅಂಕಿ ಬರುವಂತೆ. ಲ್ಯಾಬ್ ನಿಜಕ್ಕೂ ತುಂಬಿರುವ ಹೊತ್ತಿನಲ್ಲೇ ಇದನ್ನು ಮಾಡಬೇಕು. ಖಾಲಿ ಲ್ಯಾಬ್‌ನಲ್ಲಿ ಅಳೆದರೆ ಏನೂ ತಿಳಿಯುವುದಿಲ್ಲ. ಅದರಲ್ಲಿ ಎರಡು ಕಾಲಂಗಳು ಮುಖ್ಯ. ಒಂದು ಸರಾಸರಿ ಆರ್‌ಟಿಟಿ: ಕೋರಿಕೆ ಕ್ಲೈಂಟ್‌ನಿಂದ ಹೊರಟು ಉತ್ತರ ಮರಳುವವರೆಗಿನ ಸಮಯ. ಇನ್ನೊಂದು ಸರಾಸರಿ ಎಕ್ಸಿ: ಕೋರಿಕೆ ಹುಟ್ಟಿದಂದಿನಿಂದ ಪೂರ್ತಿ ಮುಗಿಯುವವರೆಗಿನ ಸಮಯ. ಎಕ್ಸಿಯಿಂದ ಆರ್‌ಟಿಟಿಯನ್ನು ಕಳೆದರೆ ಉಳಿಯುವುದು ಹೆಚ್ಚುಕಡಿಮೆ ಕ್ಲೈಂಟ್‌ನೊಳಗೇ ಸರದಿಯಲ್ಲಿ ಕಾದ ಹೊತ್ತು. ಆರ್‌ಟಿಟಿ ಚಿಕ್ಕದಾಗಿದ್ದು ಎಕ್ಸಿ ದೊಡ್ಡದಾಗಿದ್ದರೆ ತೊಂದರೆ ಕ್ಲೈಂಟ್‌ನ ಸ್ಲಾಟ್‌ಗಳಲ್ಲಿದೆ (ಹೆಜ್ಜೆ 4 ನೋಡಿ). ಆರ್‌ಟಿಟಿಯೇ ದೊಡ್ಡದಾಗಿದ್ದರೆ ಜಾಲವನ್ನೋ ಸರ್ವರ್ ಅನ್ನೋ ಅದರ ಡಿಸ್ಕನ್ನೋ ನೋಡಬೇಕು.

ಮೂರನೆಯದು ಸರ್ವರ್‌ನಲ್ಲಿ, /ಪ್ರಾಕ್/ಎಫ್‌ಎಸ್/ಎನ್‌ಎಫ್‌ಎಸ್‌ಡಿ/ಪೂಲ್_ಸ್ಟ್ಯಾಟ್ಸ್ ಎಂಬ ಕಡತ. ಬಂದ ಪ್ಯಾಕೆಟ್‌ಗಳೆಷ್ಟು, ಎಬ್ಬಿಸಿದ ಥ್ರೆಡ್‌ಗಳೆಷ್ಟು ಎಂಬ ಎರಡು ಎಣಿಕೆಗಳು ಅದರಲ್ಲಿವೆ. ಕೆಲವು ಸೆಕೆಂಡುಗಳ ಅಂತರದಲ್ಲಿ ಎರಡು ಸಲ ಓದಿ, ಏರಿಕೆಯನ್ನು ಹೋಲಿಸಿ. ಎಬ್ಬಿಸಿದ ಥ್ರೆಡ್‌ಗಳ ಏರಿಕೆ ಪ್ಯಾಕೆಟ್‌ಗಳ ಏರಿಕೆಗಿಂತ ಸ್ವಲ್ಪವೇ ಕಡಿಮೆಯಿದ್ದರೆ ಬಿಡುವಾಗಿರುವ ಥ್ರೆಡ್‌ಗಳು ಸಿಗುತ್ತಿವೆ ಎಂದರ್ಥ. ಅದು ಬಹಳ ಹಿಂದೆ ಬಿದ್ದಿದ್ದರೆ ಎಲ್ಲ ಥ್ರೆಡ್‌ಗಳೂ ಕೆಲಸದಲ್ಲಿ ಮುಳುಗಿವೆ, ಕೋರಿಕೆಗಳು ಕಾಯುತ್ತಿವೆ.

ಈ ಅಳತೆಯ ಕೆಲಸವನ್ನು ಶಾಲೆಯ ಐಟಿ ಕ್ಲಬ್ ಆದ ಲಿಟ್ಲ್ ಕೈಟ್ಸ್‌ನ ಮಕ್ಕಳಿಗೆ ಒಪ್ಪಿಸಿ. ಎರಡು ಅಂಕಿಗಳ ವ್ಯತ್ಯಾಸ ತೆಗೆದು ಪಟ್ಟಿ ಮಾಡುವುದು ಎಂಟನೆಯ ತರಗತಿಯವರಿಗೆ ಕಷ್ಟವಲ್ಲ, ಮತ್ತು ಒಂದು ಸರ್ವರ್ ಒಳಗಿನಿಂದ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸುವ ಪಾಠ ಇನ್ನೊಂದಿಲ್ಲ.

ಹೆಜ್ಜೆ 2: ಸರ್ವರ್ ಥ್ರೆಡ್‌ಗಳು

ಬಹಳ ಕಾಲ ಎನ್‌ಎಫ್‌ಎಸ್ ಸರ್ವರ್ ಡೀಫಾಲ್ಟ್ ಆಗಿ ಏಳಿಸುತ್ತಿದ್ದುದು 8 ಥ್ರೆಡ್‌ಗಳನ್ನು. ಈ ಅಂಕಿ ಕರ್ನಲ್‌ನದಲ್ಲ, ಎನ್‌ಎಫ್‌ಎಸ್-ಯುಟಿಲ್ಸ್ ಎಂಬ ಸಲಕರಣೆಗಳದು. ಇಪ್ಪತ್ತೈದು ಮಕ್ಕಳು ಒಮ್ಮೆಲೇ ಲಾಗಿನ್ ಆಗಿ, ಪ್ರತಿ ಡೆಸ್ಕ್‌ಟಾಪ್ ನೂರಾರು ಸಣ್ಣ ಸಂಯೋಜನಾ ಕಡತಗಳನ್ನು ತೆರೆಯುವಾಗ 8 ಸಾಲದು.

ಈಗಿನ ಉಬುಂಟು ಆವೃತ್ತಿಗಳಲ್ಲಿ /ಇಟಿಸಿ/ಎನ್‌ಎಫ್‌ಎಸ್.ಕಾನ್ಫ್ ಕಡತ ತೆರೆದು, ಎನ್‌ಎಫ್‌ಎಸ್‌ಡಿ ವಿಭಾಗದಲ್ಲಿ ಥ್ರೆಡ್ಸ್=32 ಎಂದು ಬರೆಯಿರಿ. 20.04 ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಇದೇ ಅಂಕಿ /ಇಟಿಸಿ/ಡೀಫಾಲ್ಟ್/ಎನ್‌ಎಫ್‌ಎಸ್-ಕರ್ನಲ್-ಸರ್ವರ್ ಕಡತದಲ್ಲಿದೆ. ಮೊದಲು ಪರೀಕ್ಷಿಸಿ ನೋಡಬೇಕಿದ್ದರೆ ಸೇವೆಯನ್ನು ನಿಲ್ಲಿಸದೆಯೇ /ಪ್ರಾಕ್/ಎಫ್‌ಎಸ್/ಎನ್‌ಎಫ್‌ಎಸ್‌ಡಿ/ಥ್ರೆಡ್ಸ್ ಕಡತಕ್ಕೆ 32 ಎಂದು ಬರೆದರಾಯಿತು, ಆ ಕ್ಷಣದಿಂದಲೇ ಜಾರಿಗೆ ಬರುತ್ತದೆ. ಯಂತ್ರ ಮರುಚಾಲನೆಯಾದರೆ ಇದು ಉಳಿಯುವುದಿಲ್ಲ.

ಇನ್ನೂ ಹೆಚ್ಚಿಸಿದರೆ ಇನ್ನೂ ವೇಗ ಎಂಬ ಆಸೆ ಬೇಡ. ಪಿಎಸ್ ಆಜ್ಞೆಯಲ್ಲಿ ಎನ್‌ಎಫ್‌ಎಸ್‌ಡಿ ಥ್ರೆಡ್‌ಗಳ ಸ್ಥಿತಿ ನೋಡಿ. ತುಂಬಿದ ಹೊತ್ತಿನಲ್ಲಿ ಬಹುತೇಕ ಎಲ್ಲವೂ ಡಿ ಎಂಬ ಸ್ಥಿತಿಯಲ್ಲಿದ್ದರೆ ಅವು ಸಾಮಾನ್ಯವಾಗಿ ಡಿಸ್ಕ್‌ಗಾಗಿ ಕಾಯುತ್ತಿವೆ. ರೇಷನ್ ಅಂಗಡಿಯಲ್ಲಿ ತೂಗುವವರು ಎಷ್ಟೇ ಇದ್ದರೂ ಗೋದಾಮಿನಿಂದ ಚೀಲ ಹೊರುವವನು ಒಬ್ಬನೇ ಆದರೆ ಸರದಿ ಕರಗುವುದಿಲ್ಲ. ಆಗ ಬೇಕಾದುದು ಎಸ್‌ಎಸ್‌ಡಿ. ತಿರುಗುವ ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಒಂದು ಸಾಧಾರಣ ಎಸ್‌ಎಸ್‌ಡಿ ಹಾಕಿದರೆ ಆಗುವ ಲಾಭ ಈ ಲೇಖನದ ಉಳಿದೆಲ್ಲ ತಿದ್ದುಪಡಿಗಳಿಂದ ಸೇರಿಯೂ ಆಗದು. ಶಾಲೆಯ ಪಿಟಿಎ ಹಣದಲ್ಲಿ ಒಂದೇ ವಸ್ತು ಕೊಳ್ಳಬಹುದಾದರೆ ಅದನ್ನೇ ಕೊಳ್ಳಿ.

ಥ್ರೆಡ್ ಎಣಿಕೆಗೆ ಇನ್ನೊಂದು ಮಿತಿಯೂ ಅಂಟಿಕೊಂಡಿದೆ. ಹಳೆಯ ಕರ್ನಲ್‌ಗಳಲ್ಲಿ ಸರ್ವರ್ ಒಪ್ಪಿಕೊಳ್ಳುವ ಸಂಪರ್ಕಗಳ ಡೀಫಾಲ್ಟ್ ಮಿತಿ ಥ್ರೆಡ್‌ಗಳ ಸಂಖ್ಯೆಗೆ 3 ಕೂಡಿಸಿ 20ರಿಂದ ಗುಣಿಸಿದಷ್ಟು. 8 ಥ್ರೆಡ್‌ಗಳಿದ್ದರೆ 220 ಸಂಪರ್ಕಗಳು. ಒಂದು ಲ್ಯಾಬ್‌ಗೆ ಧಾರಾಳವಾಯಿತು.

ಹೆಜ್ಜೆ 3: ಬ್ಲಾಕ್ ಗಾತ್ರ, ಮತ್ತು 4 ಜಿಬಿ ಯಂತ್ರದ ಗುಟ್ಟು

ನಮ್ಮ ಲ್ಯಾಬ್‌ಗಳಿಗೆ ಅತ್ಯಂತ ಹತ್ತಿರದ ವಿಷಯ ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಒಂದು ಕೋರಿಕೆಯಲ್ಲಿ ಹೆಚ್ಚೆಂದರೆ ಎಷ್ಟು ದತ್ತಾಂಶ ಸಾಗಬಹುದು ಎಂಬುದನ್ನು ಸರ್ವರ್ ನಿರ್ಧರಿಸುತ್ತದೆ. ಬಹುಕಾಲ ಇದರ ಗರಿಷ್ಠ ಮಿತಿ 1 ಎಂಬಿ, ಅಂದರೆ 1048576 ಬೈಟ್. ಆದರೆ ಪ್ರತಿ ಯಂತ್ರಕ್ಕೂ ಇಷ್ಟು ಸಿಗುವುದಿಲ್ಲ. ಎನ್‌ಎಫ್‌ಎಸ್‌ಡಿ ಫೋಲ್ಡರಿನ ಎನ್‌ಎಫ್‌ಎಸ್‌ಎಸ್‌ವಿಸಿ.ಸಿ ಕಡತದಲ್ಲಿ ಡೀಫಾಲ್ಟ್ ಬ್ಲಾಕ್ ಗಾತ್ರವನ್ನು ಲೆಕ್ಕ ಹಾಕುವ ಪುಟ್ಟ ಫಂಕ್ಷನ್ ಇದೆ. ಅದು ಮಾಡುವುದಿಷ್ಟು: ಯಂತ್ರದ ಒಟ್ಟು ಮೆಮೊರಿಯನ್ನು 12 ಬಿಟ್ ಬಲಕ್ಕೆ ಸರಿಸುತ್ತದೆ, ಅಂದರೆ 4096ರಿಂದ ಭಾಗಿಸುತ್ತದೆ. ಸಿಕ್ಕಿದ್ದು ಗುರಿ. ಆಮೇಲೆ 1 ಎಂಬಿಯಿಂದ ಆರಂಭಿಸಿ, ಕೈಯಲ್ಲಿರುವ ಗಾತ್ರ ಗುರಿಗಿಂತ ದೊಡ್ಡದಾಗಿರುವವರೆಗೂ ಅದನ್ನು ಅರ್ಧ ಮಾಡುತ್ತಾ ಹೋಗುತ್ತದೆ. 8 ಕೆಬಿಗಿಂತ ಕೆಳಗೆ ಇಳಿಯುವುದಿಲ್ಲ. ಫಂಕ್ಷನ್‌ನೊಳಗಿನ ಟಿಪ್ಪಣಿಯ ಪ್ರಕಾರ 4 ಜಿಬಿ ಯಂತ್ರಕ್ಕೆ 1 ಎಂಬಿ, 128 ಎಂಬಿ ಯಂತ್ರಕ್ಕೆ 32 ಕೆಬಿ.

ಈಗ ಒಂದು 4 ಜಿಬಿ ಯಂತ್ರದಲ್ಲಿ /ಪ್ರಾಕ್/ಮೆಮ್‌ಇನ್ಫೋ ತೆರೆದು ಮೊದಲ ಸಾಲು ನೋಡಿ. ಅಲ್ಲಿ ಪೂರ್ತಿ 4 ಜಿಬಿ ಇರುವುದಿಲ್ಲ. ಫರ್ಮ್‌ವೇರ್ ಸ್ವಲ್ಪ, ಬೋರ್ಡಿನಲ್ಲೇ ಇರುವ ಗ್ರಾಫಿಕ್ಸ್ ಸ್ವಲ್ಪ, ಕರ್ನಲ್ ತನ್ನ ಪಾಲು ಸ್ವಲ್ಪ ತೆಗೆದುಕೊಂಡು 3.7 ಅಥವಾ 3.8 ಜಿಬಿ ಉಳಿದಿರುತ್ತದೆ. ಅದನ್ನು 4096ರಿಂದ ಭಾಗಿಸಿದರೆ ಗುರಿ 1 ಎಂಬಿಗಿಂತ ಚೂರು ಕಡಿಮೆ. 1 ಎಂಬಿ ಆ ಗುರಿಗಿಂತ ದೊಡ್ಡದು, ಆದ್ದರಿಂದ ಅರ್ಧವಾಗುತ್ತದೆ. ಕೊನೆಗೆ ಸಿಗುವುದು 524288, ಅಂದರೆ ಅರ್ಧ ಎಂಬಿ. ಟಿಪ್ಪಣಿ ಹೇಳಿದ್ದು ಒಂದು, 4 ಜಿಬಿ ಎಂದು ಮಾರಾಟವಾದ ಯಂತ್ರಕ್ಕೆ ಸಿಕ್ಕಿದ್ದು ಇನ್ನೊಂದು. ಕ್ಲೈಂಟ್‌ನಲ್ಲಿ ಆರ್‌ಸೈಜ್=1048576 (ಒಂದು ಕೋರಿಕೆಯಲ್ಲಿ ಓದುವ ಗಾತ್ರ) ಎಂದು ಎಷ್ಟು ಸಲ ಬರೆದರೂ ಎನ್‌ಎಫ್‌ಎಸ್‌ಸ್ಟ್ಯಾಟ್ -ಎಂ ಆಜ್ಞೆ 524288 ಎಂದೇ ತೋರಿಸುವುದು ಇದಕ್ಕಾಗಿ.

ಇಷ್ಟು ಜಿಪುಣತನ ಏಕೆ? ಪ್ರತಿ ಸರ್ವರ್ ಥ್ರೆಡ್ ಒಂದು ಪೂರ್ತಿ ಕೋರಿಕೆಗೆ ಸಾಕಾಗುವಷ್ಟು ಮೆಮೊರಿ ಪುಟಗಳನ್ನು ಕೈಯಲ್ಲಿ ಹಿಡಿದುಕೊಂಡೇ ಇರುತ್ತದೆ. ಬ್ಲಾಕ್ 1 ಎಂಬಿ ಆದರೆ ಥ್ರೆಡ್ ಒಂದಕ್ಕೆ ಒಂದು ಎಂಬಿಗಿಂತ ತುಸು ಹೆಚ್ಚು. 32 ಥ್ರೆಡ್‌ಗಳಿಗೆ 32 ಎಂಬಿಯ ಆಸುಪಾಸು. 4 ಜಿಬಿಯಲ್ಲಿ ಇದು ಏನೇನೂ ಅಲ್ಲ. ಆದರೆ 512 ಎಂಬಿಯ ಹಳೆಯ ಯಂತ್ರವನ್ನೂ, ಸಾವಿರ ಥ್ರೆಡ್‌ಗಳ ದೊಡ್ಡ ಸರ್ವರ್ ಅನ್ನೂ ಒಂದೇ ಸೂತ್ರದಲ್ಲಿ ಸುರಕ್ಷಿತವಾಗಿಡಲು ಬರೆದವರು ಹೀಗೆ ಮಾಡಿದ್ದಾರೆ. ಥ್ರೆಡ್ ಮತ್ತು ಬ್ಲಾಕ್ ಗಾತ್ರ ಒಂದನ್ನೊಂದು ಗುಣಿಸುತ್ತವೆ ಎಂಬುದನ್ನು ಮಾತ್ರ ಮರೆಯಬಾರದು.

ತಿದ್ದುವುದು ಹೀಗೆ. ಸರ್ವರ್ ಥ್ರೆಡ್‌ಗಳು ಓಡುತ್ತಿರುವಾಗ /ಪ್ರಾಕ್/ಎಫ್‌ಎಸ್/ಎನ್‌ಎಫ್‌ಎಸ್‌ಡಿ/ಮ್ಯಾಕ್ಸ್_ಬ್ಲಾಕ್_ಸೈಜ್ ಕಡತಕ್ಕೆ ಬರೆಯಲು ಹೋದರೆ ಕರ್ನಲ್ ಒಪ್ಪುವುದಿಲ್ಲ, ಕಡತ ಕೆಲಸದಲ್ಲಿದೆ ಎಂಬ ದೋಷ ಬರುತ್ತದೆ. ಹಾಗಾಗಿ ಎನ್‌ಎಫ್‌ಎಸ್-ಸರ್ವರ್ ಸೇವೆಯನ್ನು ನಿಲ್ಲಿಸಿ, ಆ ಕಡತಕ್ಕೆ 1048576 ಬರೆದು, ಸೇವೆಯನ್ನು ಮತ್ತೆ ಆರಂಭಿಸಿ. ಇದು ಪ್ರತಿ ಮರುಚಾಲನೆಗೂ ಉಳಿಯಬೇಕಾದರೆ ಸಿಸ್ಟಮ್‌ಕಂಟ್ರೋಲ್ ಎಡಿಟ್ (systemctl edit) ಆಜ್ಞೆಯಿಂದ ಸೇವೆಗೆ ಒಂದು ಪೂರಕ ಕಡತ ಮಾಡಿ, ಎಕ್ಸೆಕ್‌ಸ್ಟಾರ್ಟ್‌ಪ್ರಿ (ExecStartPre) ಸಾಲಿನಲ್ಲಿ ಇದೇ ಬರೆಯುವ ಆಜ್ಞೆಯನ್ನು ಹಾಕಿ. ಕೊನೆಯಲ್ಲಿ ಪ್ರತಿ ಕ್ಲೈಂಟ್‌ನಲ್ಲೂ ಮೌಂಟ್ (ಸರ್ವರ್‌ನ ಫೋಲ್ಡರಿನ ಜೋಡಣೆ) ಬಿಚ್ಚಿ ಮತ್ತೆ ಹೂಡಬೇಕು. ಗಾತ್ರದ ಒಪ್ಪಂದ ಆಗುವುದು ಮೌಂಟ್ ಸಮಯದಲ್ಲಿ ಮಾತ್ರ.

ಸಣ್ಣ ಕಡತಗಳ ಲಾಗಿನ್ ಗದ್ದಲಕ್ಕೆ ಇದರಿಂದ ಹೆಚ್ಚೇನೂ ಆಗುವುದಿಲ್ಲ. ಲಾಭ ಕಾಣುವುದು ದೊಡ್ಡ ವೀಡಿಯೊಗಳಲ್ಲಿ.

ಹೆಜ್ಜೆ 4: ಕ್ಲೈಂಟ್‌ನ ಸ್ಲಾಟ್‌ಗಳು

ಒಂದು ಕ್ಲೈಂಟ್ ಉತ್ತರಕ್ಕೆ ಕಾಯದೆ ಒಟ್ಟಿಗೆ ಎಷ್ಟು ಕೋರಿಕೆಗಳನ್ನು ಕಳುಹಿಸಬಹುದು ಎಂಬುದೇ ಸ್ಲಾಟ್‌ಗಳ ಲೆಕ್ಕ. ಇಲ್ಲಿ ಮೊದಲು ಎನ್‌ಎಫ್‌ಎಸ್‌ಸ್ಟ್ಯಾಟ್ -ಎಂ ನೋಡಿ ಯಾವ ಆವೃತ್ತಿ ಬಳಕೆಯಲ್ಲಿದೆ ಎಂದು ತಿಳಿದುಕೊಳ್ಳಿ, ಯಾಕೆಂದರೆ ಆವೃತ್ತಿ 3 ಮತ್ತು 4.0ಕ್ಕೆ ಒಂದು ತಿರುಪು, 4.1 ಮತ್ತು 4.2ಕ್ಕೆ ಇನ್ನೊಂದು.

ಆವೃತ್ತಿ 3 ಮತ್ತು 4.0ರಲ್ಲಿ ಮಿತಿ ಸನ್‌ಆರ್‌ಪಿಸಿ ಭಾಗದ್ದು. ಮೊದಲು ಪ್ರತಿ ಟಿಸಿಪಿ ಸಂಪರ್ಕಕ್ಕೆ 16 ಸ್ಲಾಟ್‌ಗಳು ಎಂಬ ಸ್ಥಿರ ಡೀಫಾಲ್ಟ್ ಇತ್ತು. 2011ರ ಹೊತ್ತಿಗೆ ಅದು ಬೇಡಿಕೆಯಂತೆ ಬೆಳೆಯುವ ಪಟ್ಟಿಯಾಯಿತು: 2ರಿಂದ ಆರಂಭ, ಗರಿಷ್ಠ 65536. ಅಂದರೆ ಒಂದೇ ಕ್ಲೈಂಟ್ ಭಾರೀ ವೀಡಿಯೊ ನಕಲು ಮಾಡಲು ಹೊರಟರೆ 8 ಥ್ರೆಡ್‌ಗಳ ಸರ್ವರ್ ಮುಂದೆ ಸಾವಿರಾರು ಕೋರಿಕೆಗಳನ್ನು ರಾಶಿ ಹಾಕಬಲ್ಲದು, ಉಳಿದ ಮಕ್ಕಳು ಲಾಗಿನ್‌ಗಾಗಿ ಕಾಯಬೇಕಾಗುತ್ತದೆ. ಲ್ಯಾಬ್‌ನ ಹಿತಕ್ಕೆ ಇಲ್ಲಿ ಮಿತಿಯನ್ನು ಏರಿಸುವುದಲ್ಲ, ಇಳಿಸಬೇಕು. ಟಿಸಿಪಿ_ಮ್ಯಾಕ್ಸ್_ಸ್ಲಾಟ್_ಟೇಬಲ್_ಎಂಟ್ರೀಸ್ 128 ಎಂದಿಟ್ಟರೆ ಸಾಕು.

ಈ ಅಂಕಿಯನ್ನು ಕರ್ನಲ್‌ನ ಅಂಕಿಗಳನ್ನು ಹೊಂದಿಸುವ ಸಿಸ್‌ಕಂಟ್ರೋಲ್ (sysctl) ಕಡತದಲ್ಲಿ ಬರೆದರೆ ಹಲವು ಸಲ ಅದು ಜಾರಿಗೇ ಬರುವುದಿಲ್ಲ. ಯಂತ್ರ ಏಳುವಾಗ ಸಿಸ್‌ಕಂಟ್ರೋಲ್ ಕಡತಗಳು ಓದಲ್ಪಡುವ ಹೊತ್ತಿಗೆ ಸನ್‌ಆರ್‌ಪಿಸಿ ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಬಂದು ಸೇರುವ ಭಾಗ) ಇನ್ನೂ ಬಂದಿರುವುದಿಲ್ಲ. ಬರೆಯಬೇಕಾದ ಕಡತವೇ ಇಲ್ಲದ ಕಾರಣ ಆ ಸಾಲು ವ್ಯರ್ಥ. ಆಮೇಲೆ ಮಾಡ್ಯೂಲ್ ಬರುತ್ತದೆ, ತನ್ನ ಡೀಫಾಲ್ಟ್ 65536ರೊಂದಿಗೆ. ಸರಿಯಾದ ಜಾಗ /ಇಟಿಸಿ/ಮಾಡ್‌ಪ್ರೋಬ್.ಡಿ ಫೋಲ್ಡರ್. ಅಲ್ಲಿ ಸನ್‌ಆರ್‌ಪಿಸಿ.ಕಾನ್ಫ್ ಎಂಬ ಕಡತ ಮಾಡಿ, ಆಪ್ಷನ್ಸ್ ಸನ್‌ಆರ್‌ಪಿಸಿ ಟಿಸಿಪಿ_ಮ್ಯಾಕ್ಸ್_ಸ್ಲಾಟ್_ಟೇಬಲ್_ಎಂಟ್ರೀಸ್=128 ಎಂದು ಒಂದೇ ಸಾಲು ಬರೆಯಿರಿ. ಮರುಚಾಲನೆಯ ನಂತರ /ಪ್ರಾಕ್/ಸಿಸ್/ಸನ್‌ಆರ್‌ಪಿಸಿ ಫೋಲ್ಡರಿನಲ್ಲಿ ಅಂಕಿಯನ್ನು ಓದಿ ಖಚಿತಪಡಿಸಿಕೊಳ್ಳಿ.

4.1 ಮತ್ತು 4.2ರಲ್ಲಿ ಕ್ಲೈಂಟ್ ಮತ್ತು ಸರ್ವರ್ ಸೆಷನ್ ಆರಂಭಿಸುವಾಗಲೇ ಸ್ಲಾಟ್‌ಗಳ ಸಂಖ್ಯೆಯನ್ನು ಮಾತಾಡಿಕೊಳ್ಳುತ್ತವೆ. ಲಿನಕ್ಸ್ ಕ್ಲೈಂಟ್ ಕೇಳುವುದು 64. ಎನ್‌ಎಫ್‌ಎಸ್ ಮಾಡ್ಯೂಲ್‌ನ ಮ್ಯಾಕ್ಸ್_ಸೆಷನ್_ಸ್ಲಾಟ್ಸ್ ಆಯ್ಕೆಯಿಂದ ಇದನ್ನು ಬದಲಿಸಬಹುದು. ಒಂದು ಗಿಗಾಬಿಟ್ ಲ್ಯಾಬ್‌ನಲ್ಲಿ 64 ಸಾಕು. ಎನ್‌ಕನೆಕ್ಟ್ ಆಯ್ಕೆ ಬಳಸಿ ಒಂದೇ ಸರ್ವರ್‌ಗೆ ಹಲವು ಸಂಪರ್ಕ ತೆರೆಯುವ ಸೌಲಭ್ಯ 5.3ನೇ ಕರ್ನಲ್‌ನಿಂದ ಇದೆ, 16ರವರೆಗೆ. ಅದೂ ವೇಗದ ಜಾಲಗಳಿಗೆ ಹೇಳಿದ್ದು, ನಮಗೆ ಬೇಡ.

ಹೆಜ್ಜೆ 5: ತೊದಲುವ ವೀಡಿಯೊ

ಹಳೆಯ ಉಬುಂಟುವಿನಲ್ಲಿ ಚೆನ್ನಾಗಿ ಓಡುತ್ತಿದ್ದ ಯಕ್ಷಗಾನದ ವೀಡಿಯೊ ಹೊಸದರಲ್ಲಿ ನಿಂತು ನಿಂತು ಓಡುತ್ತಿದ್ದರೆ ಮೊದಲು ಅನುಮಾನಿಸಬೇಕಾದುದು ಮುಂಗಡ ಓದು. ಕಡತವನ್ನು ಕ್ರಮವಾಗಿ ಓದುತ್ತಿರುವಾಗ ಮುಂದೆ ಬೇಕಾಗುವುದನ್ನು ಕರ್ನಲ್ ಮೊದಲೇ ತರಿಸಿಟ್ಟುಕೊಳ್ಳುತ್ತದೆ. 5.4ನೇ ಕರ್ನಲ್‌ಗಿಂತ ಹಿಂದೆ ಎನ್‌ಎಫ್‌ಎಸ್‌ನ ಮುಂಗಡ ಓದು ಆರ್‌ಸೈಜ್‌ನ 15 ಪಟ್ಟು. ಆರ್‌ಸೈಜ್ 1 ಎಂಬಿ ಆದರೆ 15 ಎಂಬಿ. 5.4ರಲ್ಲಿ ಇದನ್ನು ಉಳಿದ ಕಡತವ್ಯವಸ್ಥೆಗಳಂತೆ 128 ಕೆಬಿಗೆ ಇಳಿಸಲಾಯಿತು. ಬ್ಲಾಕ್ ಗಾತ್ರವನ್ನು ಅಷ್ಟು ಕಷ್ಟಪಟ್ಟು 1 ಎಂಬಿಗೆ ಏರಿಸಿದರೂ ಮುಂಗಡ ಓದು 128 ಕೆಬಿಯಲ್ಲೇ ನಿಂತಿದ್ದರೆ ಕ್ರಮವಾಗಿ ಓದುವ ಕೆಲಸಕ್ಕೆ ದೊಡ್ಡ ಬ್ಲಾಕ್‌ನ ಪೂರ್ತಿ ಲಾಭ ಸಿಗುವುದಿಲ್ಲ.

ಕ್ಲೈಂಟ್‌ನಲ್ಲಿ ಮೌಂಟ್‌ಪಾಯಿಂಟ್ -ಡಿ ಆಜ್ಞೆಗೆ ಮೌಂಟ್ ಆದ ಫೋಲ್ಡರಿನ ಹೆಸರು ಕೊಟ್ಟರೆ 0:52 ಎಂಬಂಥ ಎರಡು ಅಂಕಿಗಳು ಸಿಗುತ್ತವೆ. /ಸಿಸ್/ಕ್ಲಾಸ್/ಬಿಡಿಐ ಒಳಗೆ ಅದೇ ಹೆಸರಿನ ಫೋಲ್ಡರ್ ಇದೆ, ಅದರೊಳಗೆ ರೀಡ್_ಅಹೆಡ್_ಕೆಬಿ ಎಂಬ ಕಡತ. ಅದಕ್ಕೆ 4096 ಬರೆದು ವೀಡಿಯೊ ಓಡಿಸಿ ನೋಡಿ. ಹಳೆಯ 15360ಕ್ಕೆ ಹೋಗುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. 2 ಜಿಬಿ ಮೆಮೊರಿಯ ಕ್ಲೈಂಟ್‌ಗಳಲ್ಲಿ ಅದು ಹೊರೆಯೂ ಹೌದು. ಮೌಂಟ್ ಬಿಚ್ಚಿದರೆ ಈ ಅಂಕಿ ಹೋಗುತ್ತದೆ. ಶಾಶ್ವತವಾಗಿಡಲು ಯುಡೆವ್ ನಿಯಮ ಬರೆಯಬೇಕು, ಅಥವಾ ಹೊಸ ಎನ್‌ಎಫ್‌ಎಸ್-ಯುಟಿಲ್ಸ್ ಜತೆ ಬರುವ ಎನ್‌ಎಫ್‌ಎಸ್‌ರಾಹೆಡ್ ಸಲಕರಣೆಗೆ ಎನ್‌ಎಫ್‌ಎಸ್.ಕಾನ್ಫ್‌ನಲ್ಲಿ ಅಂಕಿ ಕೊಡಬೇಕು.

ಹೆಜ್ಜೆ 6: ಬರೆಯುವ ಕಡೆ, ಮತ್ತು ಹೋಗುವ ಕರೆಂಟು

ಮಗು ವೀಡಿಯೊ ಸಂಪಾದಿಸಿ ಸೇವ್ ಒತ್ತಿದಾಗ ದತ್ತಾಂಶ ಮೊದಲು ಕ್ಲೈಂಟ್‌ನ ಮೆಮೊರಿಗೆ ಹೋಗುತ್ತದೆ. ಕಡತವನ್ನು ಮುಚ್ಚುವಾಗ ಎನ್‌ಎಫ್‌ಎಸ್ ಅದನ್ನೆಲ್ಲ ಸರ್ವರ್‌ಗೆ ಸಾಗಿಸಿಯೇ ಮರಳುತ್ತದೆ. ಲಭ್ಯ ಮೆಮೊರಿಯ ನೂರಕ್ಕೆ 20ರಷ್ಟು ಬರೆಯದೆ ಉಳಿದಿರಬಹುದು ಎಂಬುದು ಕರ್ನಲ್‌ನ ಸಾಮಾನ್ಯ ಡೀಫಾಲ್ಟ್. ಅಷ್ಟೂ ಒಮ್ಮೆಗೇ ಹೊರಟಾಗ ಕಿಟಕಿ ಅಲುಗಾಡುವುದಿಲ್ಲ. ವಿಎಂ.ಡರ್ಟಿ_ಬ್ಯಾಕ್‌ಗ್ರೌಂಡ್_ಬೈಟ್ಸ್ 67108864, ವಿಎಂ.ಡರ್ಟಿ_ಬೈಟ್ಸ್ 268435456 ಎಂದು ಸಿಸ್‌ಕಂಟ್ರೋಲ್ ಕಡತದಲ್ಲಿ ಬರೆದರೆ 64 ಎಂಬಿ ಸೇರಿದ ಕೂಡಲೇ ಹಿನ್ನೆಲೆಯಲ್ಲಿ ಸಾಗಣೆ ಶುರುವಾಗುತ್ತದೆ, ಕೊನೆಯ ಕಾಯುವಿಕೆ ಕಡಿಮೆಯಾಗುತ್ತದೆ.

ಎನ್‌ಎಫ್‌ಎಸ್ ಕ್ಲೈಂಟ್‌ಗೆ ತನ್ನದೇ ಒಂದು ಮಿತಿಯೂ ಇದೆ, ಎನ್‌ಎಫ್‌ಎಸ್_ಕಂಜೆಶ್ಚನ್_ಕೆಬಿ. ಸಾಗಣೆಯಲ್ಲಿರುವ ಬರಹ ಇಷ್ಟನ್ನು ಮೀರಿದರೆ ತಡೆ ಬೀಳುತ್ತದೆ. ಅದರ ಸೂತ್ರ ಸೊಗಸಾಗಿದೆ: ಮೆಮೊರಿಯ ಒಟ್ಟು ಪುಟಗಳ ವರ್ಗಮೂಲ ತೆಗೆದು 16ರಿಂದ ಗುಣಿಸಿ, 4 ಕೆಬಿ ಪುಟಗಳಾದರೆ ಮತ್ತೆ 4ರಿಂದ ಗುಣಿಸಿ. 4 ಜಿಬಿ ಎಂದರೆ 1048576 ಪುಟಗಳು, ವರ್ಗಮೂಲ 1024, ಉತ್ತರ 65536 ಕೆಬಿ. 16 ಜಿಬಿಗೆ 131072. ಮೆಮೊರಿ ನಾಲ್ಕು ಪಟ್ಟಾದರೆ ಮಿತಿ ಎರಡೇ ಪಟ್ಟು. ಮೇಲ್ಮಿತಿ 256 ಎಂಬಿ. ಸರ್ವರ್ ಕಡೆ, ಒಂದೇ ಕೋರಿಕೆ ಎರಡು ಸಲ ಬಂದರೆ ಗುರುತಿಸಲು ಇಟ್ಟುಕೊಳ್ಳುವ ಉತ್ತರಗಳ ಸಂಗ್ರಹಕ್ಕೂ ಇದೇ ಸೂತ್ರ. ಅಲ್ಲಿ ಉತ್ತರ ಕೆಬಿಯಲ್ಲಲ್ಲ, ನಮೂದುಗಳ ಸಂಖ್ಯೆಯಲ್ಲಿ. ಹತ್ತನೆಯ ತರಗತಿಯವರಿಗೆ ವರ್ಗಮೂಲ ಯಾವ ಕೆಲಸಕ್ಕೆ ಬರುತ್ತದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ಈ ಎರಡು ಅಂಕಿಗಳನ್ನು ಬದಲಿಸುವ ಅಗತ್ಯ ಮಾತ್ರ ಒಂದು ಲ್ಯಾಬ್‌ಗೆ ಇಲ್ಲ.

ವೇಗದ ಆಸೆಗೆ ಸರ್ವರ್‌ನ ಎಕ್ಸ್‌ಪೋರ್ಟ್ಸ್ ಕಡತದಲ್ಲಿ ಸಿಂಕ್ ಇದ್ದುದನ್ನು ಅಸಿಂಕ್ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ದಯವಿಟ್ಟು ಮಾಡಬೇಡಿ. ಅಸಿಂಕ್ ಎಂದರೆ ದತ್ತಾಂಶ ಡಿಸ್ಕ್ ಸೇರುವ ಮೊದಲೇ ಸೇರಿತು ಎಂದು ಸರ್ವರ್ ಉತ್ತರಿಸುವುದು. ಆಟಿ ತಿಂಗಳ ಗಾಳಿಮಳೆಗೆ ತಂತಿಯ ಮೇಲೆ ಮರ ಬೀಳುವ, ತುಲಾ ಮಾಸದ ಸಂಜೆ ಸಿಡಿಲಿಗೆ ಕರೆಂಟು ಹೋಗುವ ನಮ್ಮ ಊರುಗಳಲ್ಲಿ ಇದು ಮಕ್ಕಳ ಕೆಲಸವನ್ನು ಗಾಳಿಗೆ ತೂರಿದಂತೆ. ಕ್ಲೈಂಟ್‌ಗೆ ದೋಷ ಕೂಡ ಕಾಣುವುದಿಲ್ಲ. ಕಡತ ಅರ್ಧವಾಗಿದೆ ಎಂದು ತಿಳಿಯುವುದು ಮರುದಿನ ತೆರೆದಾಗ. ಸಿಂಕ್ ಇರಲಿ, ಮೌಂಟ್ ಹಾರ್ಡ್ (ಸರ್ವರ್ ಮರಳುವವರೆಗೂ ಬಿಡದೆ ಕಾಯುವ ಆಯ್ಕೆ) ಇರಲಿ, ಸರ್ವರ್‌ಗೂ ಸ್ವಿಚ್ಚಿಗೂ ಯುಪಿಎಸ್ ಇರಲಿ.

ಕರೆಂಟು ಮರಳಿದ ಮೇಲೆ ಸರ್ವರ್ ಎದ್ದರೂ ಆವೃತ್ತಿ 4ರ ಕ್ಲೈಂಟ್‌ಗಳು ಒಂದೂವರೆ ನಿಮಿಷ ಕಡತ ತೆರೆಯಲಾಗದೆ ನಿಂತಿರುವುದುಂಟು. ಇದು ಕೆಟ್ಟುಹೋದದ್ದಲ್ಲ. ಹಿಂದೆ ಕಡತಗಳ ಬೀಗ (ಲಾಕ್) ಹಿಡಿದಿದ್ದ ಕ್ಲೈಂಟ್‌ಗಳು ಬಂದು ತಮ್ಮ ಬೀಗಗಳನ್ನು ಮರಳಿ ಪಡೆಯಲೆಂದು ಸರ್ವರ್ ಕೊಡುವ ಕಾಲಾವಕಾಶ. ಡೀಫಾಲ್ಟ್ 90 ಸೆಕೆಂಡು. ಎನ್‌ಎಫ್‌ಎಸ್.ಕಾನ್ಫ್‌ನ ಎನ್‌ಎಫ್‌ಎಸ್‌ಡಿ ವಿಭಾಗದಲ್ಲಿ ಲೀಸ್-ಟೈಮ್ (ಕ್ಲೈಂಟ್‌ನಿಂದ ಸುದ್ದಿಯಿಲ್ಲದಿದ್ದರೂ ಅದರ ಬೀಗ ಉಳಿಯುವ ಅವಧಿ) ಮತ್ತು ಗ್ರೇಸ್-ಟೈಮ್ (ಈಗ ಹೇಳಿದ ಕಾಲಾವಕಾಶ) ಎರಡನ್ನೂ 30 ಎಂದು ಇಳಿಸಬಹುದು. ಕರ್ನಲ್ 10ಕ್ಕಿಂತ ಕಡಿಮೆಯನ್ನು ಒಪ್ಪುವುದಿಲ್ಲ. ಗ್ರೇಸ್ ಲೀಸ್‌ಗಿಂತ ಚಿಕ್ಕದಾಗಬಾರದು. ಇಡೀ ಲ್ಯಾಬ್ ಒಟ್ಟಿಗೆ ಆರಿಹೋಗಿದ್ದು, ಹಿಂದಿನ ಬೀಗಗಳು ಯಾವುವೂ ಉಳಿದಿಲ್ಲ ಎಂದು ಖಚಿತವಿದ್ದರೆ /ಪ್ರಾಕ್/ಎಫ್‌ಎಸ್/ಎನ್‌ಎಫ್‌ಎಸ್‌ಡಿ/ವಿ4_ಎಂಡ್_ಗ್ರೇಸ್ ಕಡತಕ್ಕೆ ದೊಡ್ಡ ಅಕ್ಷರದ ವೈ ಬರೆದು ಕಾಯುವಿಕೆಯನ್ನು ಅಲ್ಲೇ ಮುಗಿಸಬಹುದು.

ತಿದ್ದಲಾಗದ ಒಂದು ಮಿತಿ: ಕನ್ನಡ ಕಡತದ ಹೆಸರು

ಕಡತದ ಹೆಸರು 255 ಬೈಟ್ ಮೀರಬಾರದು. ಇದು ಲಿನಕ್ಸ್‌ನ ಮಿತಿಯೂ ಹೌದು, ಅದರ ಎನ್‌ಎಫ್‌ಎಸ್ ಸಂಕೇತದ ಮಿತಿಯೂ ಹೌದು. ಇಂಗ್ಲಿಷಿನಲ್ಲಿ 255 ಅಕ್ಷರಗಳು. ಕನ್ನಡದಲ್ಲಿ ಪ್ರತಿ ಯುನಿಕೋಡ್ ಸಂಕೇತಕ್ಕೆ 3 ಬೈಟ್ ಬೇಕಾದ್ದರಿಂದ 85 ಸಂಕೇತಗಳು ಮಾತ್ರ. ಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಸಂಕೇತಗಳಾಗಿ ಲೆಕ್ಕಕ್ಕೆ ಸೇರುತ್ತವೆ. ಯಕ್ಷಗಾನ ಎಂಬುದು ಕಣ್ಣಿಗೆ ನಾಲ್ಕಕ್ಷರ, ಸಂಕೇತಗಳು 7, ಬೈಟ್‌ಗಳು 21. ಪ್ರಸಂಗದ ಹೆಸರು, ಭಾಗವತರು, ಅರ್ಥಧಾರಿಗಳು, ಊರು, ದಿನಾಂಕ ಎಲ್ಲವನ್ನೂ ಕಡತದ ಹೆಸರಿನಲ್ಲೇ ಬರೆಯುವ ಅಭ್ಯಾಸವಿದ್ದರೆ ಹೆಸರು ತೀರಾ ಉದ್ದವಾಯಿತು ಎಂಬ ದೋಷ ಬೇಗನೆ ಎದುರಾಗುತ್ತದೆ. ಇದನ್ನು ಕರ್ನಲ್‌ನಲ್ಲಿ ತಿದ್ದಲು ಹೋಗಬೇಡಿ. ಊರಿಗೊಂದು ಫೋಲ್ಡರ್, ಅದರೊಳಗೆ ವರ್ಷಕ್ಕೊಂದು ಫೋಲ್ಡರ್ ಮಾಡಿ ಹೆಸರನ್ನು ಚಿಕ್ಕದಾಗಿಡಿ. ಹೆಸರನ್ನು ಕನ್ನಡದಲ್ಲೇ ಇಡಿ.

ಹೆಜ್ಜೆ 7: ಸಂಕೇತವನ್ನೇ ತಿದ್ದುವುದು

ಹೊರಗಿನಿಂದ ಬದಲಿಸಲಾಗದ ಮಿತಿಗಳಿಗೆ ಮಾತ್ರ ಈ ದಾರಿ, ಅದೂ ಕಲಿಕೆಗೆಂದು ಇಟ್ಟ ಪ್ರತ್ಯೇಕ ಯಂತ್ರದಲ್ಲಿ. ಒಂದು ಒಳ್ಳೆಯ ಉದಾಹರಣೆ, 4.1 ಸೆಷನ್‌ಗಳ ಉತ್ತರ ಸಂಗ್ರಹಕ್ಕೆ ಮೀಸಲಿಟ್ಟ ಮೆಮೊರಿ. ಎನ್‌ಎಫ್‌ಎಸ್‌ಎಸ್‌ವಿಸಿ.ಸಿ ಕಡತದಲ್ಲಿ ಎನ್‌ಎಫ್‌ಎಸ್‌ಡಿ_ಡಿಆರ್‌ಸಿ_ಸೈಜ್_ಶಿಫ್ಟ್ (NFSD_DRC_SIZE_SHIFT) ಎಂಬ ಅಂಕಿ ಇದನ್ನು ನಿರ್ಧರಿಸುತ್ತಿತ್ತು. ಮೊದಲು ಅದು 10, ಅಂದರೆ ಮೆಮೊರಿಯ 1024ನೇ ಒಂದು ಪಾಲು. ಕ್ಲೈಂಟ್‌ಗಳು ಹೆಚ್ಚಿದ ಕಡೆ ಅದು ಸಾಲುವುದಿಲ್ಲ ಎಂದು ಕಂಡು 2017ರಲ್ಲಿ 7ಕ್ಕೆ ಇಳಿಸಿದರು. 128ನೇ ಒಂದು ಪಾಲು, ಆಗಲೂ ನೂರಕ್ಕೆ ಒಂದರೊಳಗೆ. 4 ಜಿಬಿ ಯಂತ್ರದಲ್ಲಿ ಇದು ಸುಮಾರು 32 ಎಂಬಿ. ತೀರಾ ಹೊಸ ಕರ್ನಲ್‌ಗಳಲ್ಲಿ ಸ್ಲಾಟ್‌ಗಳು ಬೇಡಿಕೆಗೆ ತಕ್ಕಂತೆ ಏರಿಳಿಯುವುದರಿಂದ ಈ ಅಂಕಿಯೇ ಮಾಯವಾಗಿದೆ, 5.15ನೇ ಕರ್ನಲ್‌ನಲ್ಲಿ ಇದೆ.

ಮಾಡುವ ಕ್ರಮ ಇದು. ಓಡುತ್ತಿರುವ ಕರ್ನಲ್‌ನ ಮೂಲಸಂಕೇತವನ್ನೇ ಎಪಿಟಿ ಸೋರ್ಸ್ ಆಜ್ಞೆಯಿಂದ ಇಳಿಸಿಕೊಳ್ಳಿ. ಬೇರೆ ಆವೃತ್ತಿಯದು ಆಗದು. /ಬೂಟ್ ಫೋಲ್ಡರಿನ ಕಾನ್ಫಿಗ್ ಕಡತವನ್ನು .ಕಾನ್ಫಿಗ್ ಹೆಸರಿನಲ್ಲಿ, ಹೆಡರ್ ಪ್ಯಾಕೇಜಿನ ಮಾಡ್ಯೂಲ್.ಸಿಮ್‌ವರ್ಸ್ (Module.symvers) ಕಡತವನ್ನು ಅದೇ ಹೆಸರಿನಲ್ಲಿ ಅಲ್ಲಿಗೆ ನಕಲಿಸಿ. ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್, ಆಮೇಲೆ ಮೇಕ್ ಮಾಡ್ಯೂಲ್ಸ್_ಪ್ರಿಪೇರ್. ಅಂಕಿಯನ್ನು 7ರಿಂದ 6ಕ್ಕೆ ತಿದ್ದಿ, ಎಫ್‌ಎಸ್/ಎನ್‌ಎಫ್‌ಎಸ್‌ಡಿ ಫೋಲ್ಡರನ್ನು ಮಾತ್ರ ಕಟ್ಟಿ (ಕಂಪೈಲ್ ಮಾಡಿ). ಸಿಕ್ಕಿದ ಎನ್‌ಎಫ್‌ಎಸ್‌ಡಿ ಮಾಡ್ಯೂಲನ್ನು /ಲಿಬ್/ಮಾಡ್ಯೂಲ್ಸ್ ಒಳಗಿನ ನಿಮ್ಮ ಕರ್ನಲ್ ಫೋಲ್ಡರಿನ ಅಪ್‌ಡೇಟ್ಸ್ ಎಂಬಲ್ಲಿಟ್ಟು ಡೆಪ್‌ಮಾಡ್ -ಎ ಓಡಿಸಿ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಬಿಡುವುದಿಲ್ಲ. ಮೋಕ್‌ಯುಟಿಲ್‌ನಿಂದ ನಿಮ್ಮ ಕೀಲಿಯನ್ನು ನೋಂದಾಯಿಸಿ ಸಹಿ ಹಾಕಬೇಕು.

ಯಾವ ಅಂಕಿಯನ್ನು ಹೀಗೆ ಒಂಟಿಯಾಗಿ ತಿದ್ದಬಹುದು, ಯಾವುದನ್ನು ತಿದ್ದಬಾರದು ಎಂಬುದೇ ಇಲ್ಲಿ ಮುಖ್ಯ. ಮೇಲಿನದು ಒಂದೇ ಕಡತದೊಳಗೆ ಬಳಕೆಯಾಗುವ ಅಂಕಿ, ಅಪಾಯವಿಲ್ಲ. 1 ಎಂಬಿಯ ಗರಿಷ್ಠ ಮಿತಿಯನ್ನು ಹೇಳುವ ಆರ್‌ಪಿಸಿಎಸ್‌ವಿಸಿ_ಮ್ಯಾಕ್ಸ್‌ಪೇಲೋಡ್ (RPCSVC_MAXPAYLOAD) ಹಾಗಲ್ಲ. ಅದು ಹಂಚಿಕೊಂಡ ಹೆಡರ್ ಕಡತದಲ್ಲಿದೆ, ಪ್ರತಿ ಥ್ರೆಡ್‌ನ ಪುಟಗಳ ಪಟ್ಟಿಯ ಉದ್ದ ಅದರಿಂದ ತೀರ್ಮಾನವಾಗುತ್ತದೆ. ಎನ್‌ಎಫ್‌ಎಸ್‌ಡಿಯನ್ನು ಮಾತ್ರ ಹೊಸ ಅಂಕಿಯೊಂದಿಗೆ ಕಟ್ಟಿ ಸನ್‌ಆರ್‌ಪಿಸಿಯನ್ನು ಹಳೆಯದರಲ್ಲೇ ಬಿಟ್ಟರೆ ಎರಡೂ ಒಂದೇ ರಚನೆಯನ್ನು ಬೇರೆ ಬೇರೆ ಅಳತೆಯಲ್ಲಿ ಓದುತ್ತವೆ, ಮೆಮೊರಿ ಕೆಡುತ್ತದೆ. ತಿದ್ದುವ ಮುನ್ನ ಗ್ರೆಪ್ ಆಜ್ಞೆಯಿಂದ ಆ ಹೆಸರು ಎಲ್ಲೆಲ್ಲಿ ಬಂದಿದೆ ಎಂದು ಹುಡುಕಿ. ಒಂದಕ್ಕಿಂತ ಹೆಚ್ಚು ಮಾಡ್ಯೂಲ್‌ಗಳಲ್ಲಿ ಸಿಕ್ಕಿದರೆ ಇಡೀ ಕರ್ನಲ್ ಕಟ್ಟಬೇಕು, ಯಂತ್ರ ಏಳುವಾಗ ಕಾಣುವ ಗ್ರಬ್ ಪಟ್ಟಿಯಲ್ಲಿ ಹಳೆಯ ಕರ್ನಲ್ ಉಳಿದಿರಬೇಕು.

ಕರ್ನಲ್ ಹೊಸ ಆವೃತ್ತಿಗೆ ಏರಿದಾಗ ನೀವು ಕಟ್ಟಿದ ಮಾಡ್ಯೂಲ್ ಹಳೆಯ ಫೋಲ್ಡರಿನಲ್ಲೇ ಉಳಿದು, ಉಬುಂಟುವಿನದೇ ಮಾಡ್ಯೂಲ್ ಮತ್ತೆ ಬಂದು ಕೂರುತ್ತದೆ, ಯಾವ ಸೂಚನೆಯನ್ನೂ ಕೊಡದೆ. ಪ್ರತಿ ನವೀಕರಣದ ನಂತರ ಮಾಡ್‌ಇನ್ಫೋ -ಎನ್ ಎನ್‌ಎಫ್‌ಎಸ್‌ಡಿ ಎಂದು ಓಡಿಸಿ. ಬರುವ ದಾರಿಯಲ್ಲಿ ಅಪ್‌ಡೇಟ್ಸ್ ಎಂಬ ಹೆಸರಿಲ್ಲದಿದ್ದರೆ ಹೊಸ ಆವೃತ್ತಿಯ ಮೂಲಸಂಕೇತ ಇಳಿಸಿಕೊಂಡು ಮಾಡ್ಯೂಲನ್ನು ಮತ್ತೆ ಕಟ್ಟಬೇಕು.